ಅಡುಗೆಮನೆ ಕೆಲಸ ಹಗುರಾಗಲು ಯಾವುದು ಮೊದಲು, ಯಾವುದು ಆಮೇಲೆ: ಸಮಗ್ರ ಮಾರ್ಗದರ್ಶಿ

ಅಡುಗೆಮನೆಯ ಉಪಾಯಗಳನ್ನು ಎಷ್ಟು ಓದಿಕೊಂಡರೂ ಕೆಲಸ ಮಾತ್ರ ಮುಗಿಯುವುದೇ ಇಲ್ಲ ಎಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಈರುಳ್ಳಿ ಹೆಚ್ಚುವ ಉಪಾಯ ಗೊತ್ತಿರುತ್ತದೆ, ತಳ ಹಿಡಿದ ಪಾತ್ರೆ ಬಿಡಿಸುವ ಉಪಾಯವೂ ಗೊತ್ತಿರುತ್ತದೆ. ಆದರೂ ಒಲೆ ಆರಿಸುವ ಹೊತ್ತಿಗೆ ಸಿಂಕ್ ತುಂಬಿ ನಿಂತಿರುತ್ತದೆ, ಕಟ್ಟೆಯ ಮೇಲೆ ಒಂದು ತಟ್ಟೆ ಇಡಲು ಜಾಗವಿರುವುದಿಲ್ಲ, ಊಟ ಮುಗಿಸಿ ಬಂದವರಿಗೆ ಇನ್ನೊಂದು ಗಂಟೆಯ ದುಡಿಮೆ ಕಾದಿರುತ್ತದೆ. ನೋಡುತ್ತಾ ಹೋದರೆ ತಪ್ಪು ಇರುವುದು ಹೆಚ್ಚಾಗಿ ಕೆಲಸದ ಸರದಿಯಲ್ಲಿ. ಬಿಸಿ ಇರುವಾಗಲೇ ನೀರು ಹಾಕಿಟ್ಟ ಪಾತ್ರೆ ಒಂದೇ ಉಜ್ಜಿಗೆ ಬಿಡುತ್ತದೆ. ಅದನ್ನೇ ರಾತ್ರಿಯಿಡೀ ಒಣಗಲು ಬಿಟ್ಟರೆ ಬೆಳಗ್ಗೆ ತೋಳು ನೋಯುತ್ತದೆ.

ಹಾಗಾಗಿ ಇಲ್ಲಿ ಉಪಾಯಗಳನ್ನು ಮಾಡಬೇಕಾದ ಕ್ರಮದಲ್ಲೇ ಕೊಟ್ಟಿದ್ದೇನೆ. ಪ್ರತಿ ಹಂತದಲ್ಲಿ ಜನ ಎಲ್ಲಿ ಎಡವುತ್ತಾರೆ, ಯಾವ ಲಕ್ಷಣ ಕಂಡರೆ ಕೈ ನಿಲ್ಲಿಸಬೇಕು ಎಂಬುದನ್ನೂ ಜೊತೆಗೇ ಹೇಳಿದ್ದೇನೆ. ಒಂದೇ ದಿನ ಎಲ್ಲವನ್ನೂ ಜಾರಿಗೆ ತರಲು ಹೋಗಬೇಡಿ. ಮೊದಲ ಮೂರು ಹಂತ ಕೈಗೆ ಹತ್ತಿದರೆ ಉಳಿದವು ತಾನಾಗಿ ಸುಲಭವಾಗುತ್ತವೆ.

## ಏನೇನು ಬೇಕು

ದೊಡ್ಡ ಪಟ್ಟಿ ಬೇಡ. ಒಂದು ಒಳ್ಳೆಯ ಚಾಕು, ಅಲ್ಲಾಡದ ಹೆಚ್ಚುವ ಹಲಗೆ ಎರಡು (ಒಂದು ತರಕಾರಿಗೆ, ಇನ್ನೊಂದು ಹಸಿ ಮಾಂಸ-ಮೀನಿಗೆ, ಮಾಂಸ ತಿನ್ನದವರಿಗೆ ಒಂದೇ ಸಾಕು), ಒಂದು ಸಾಣೆಕಲ್ಲು, ಸಿಪ್ಪೆ ಹಾಕಲು ಅಗಲವಾದ ಬಟ್ಟಲು, ಹೆಚ್ಚಿದ್ದನ್ನು ಬೇರೆ ಬೇರೆ ಇಡಲು ನಾಲ್ಕೈದು ಚಿಕ್ಕ ಬಟ್ಟಲು, ಮೂರು ಒಣ ಬಟ್ಟೆ, ಅಡುಗೆ ಸೋಡಾ, ಬಿಳಿ ವಿನೆಗರ್, ಪಾತ್ರೆ ತೊಳೆಯುವ ಸೋಪು, ಮರದ ಸೌಟು.

ಬೆಳ್ಳುಳ್ಳಿ ಜಜ್ಜುವುದಕ್ಕೊಂದು, ಮೊಟ್ಟೆ ಕತ್ತರಿಸುವುದಕ್ಕೊಂದು ಎಂದು ಒಂದೇ ಕೆಲಸದ ಉಪಕರಣಗಳನ್ನು ತುಂಬಿಸಿಕೊಳ್ಳಬೇಡಿ. ಅವುಗಳನ್ನು ತೊಳೆಯಲು ಹಿಡಿಯುವ ಹೊತ್ತು ಅವು ಉಳಿಸುವ ಹೊತ್ತಿಗಿಂತ ಹೆಚ್ಚು.

## ಹಂತ 1: ಸಿಂಕ್ ಖಾಲಿ, ಕಟ್ಟೆ ಖಾಲಿ

ಚಾಕು ಕೈಗೆತ್ತಿಕೊಳ್ಳುವ ಮೊದಲು ಸಿಂಕ್ ಖಾಲಿಯಿರಬೇಕು. ಇದು ಶಿಸ್ತಿನ ಮಾತಾಗಿ ಕೇಳಿಸಬಹುದು, ಆದರೆ ಕಾರಣ ಸರಳ: ಸಿಂಕ್ ತುಂಬಿದ್ದರೆ ಸೊಪ್ಪು ತೊಳೆಯಲು ಜಾಗವಿಲ್ಲ, ನೀರು ಬಸಿಯಲು ಜಾಗವಿಲ್ಲ, ಬಳಸಿದ ಪಾತ್ರೆ ಇಡಲು ಜಾಗವಿಲ್ಲ. ಎಲ್ಲವೂ ಕಟ್ಟೆಗೆ ಬರುತ್ತದೆ. ಕಟ್ಟೆ ತುಂಬಿದ ಮೇಲೆ ಹಲಗೆಯ ಮೂಲೆಯಲ್ಲಿ ಹೆಚ್ಚಲು ಶುರುಮಾಡುತ್ತೀರಿ. ಬೆರಳು ಕೊಯ್ದುಕೊಳ್ಳುವುದು ಆಗಲೇ.

ತೊಳೆದ ಪಾತ್ರೆ ಎತ್ತಿಡಿ, ಎಂಜಲು ಪಾತ್ರೆ ತೊಳೆದುಬಿಡಿ, ಕಸದ ಬುಟ್ಟಿ ತುಂಬಿದ್ದರೆ ಈಗಲೇ ಖಾಲಿ ಮಾಡಿ. ಸಿಪ್ಪೆಯ ಬಟ್ಟಲನ್ನು ಹಲಗೆಯ ಪಕ್ಕಕ್ಕೇ ಇಡಿ. ಪ್ರತಿ ಸಿಪ್ಪೆಗೂ ಬುಟ್ಟಿಯತ್ತ ತಿರುಗುವ ಓಡಾಟ ಇಷ್ಟರಿಂದಲೇ ನಿಲ್ಲುತ್ತದೆ.

## ಹಂತ 2: ಕಾಯುವ ಕೆಲಸಗಳಿಗೆ ಮೊದಲು ಚಾಲನೆ

ನೀರು ಕುದಿಯುವುದು, ಕಾಳು ನೆನೆಯುವುದು, ಫ್ರೀಜರ್‌ನಲ್ಲಿಟ್ಟದ್ದು ಕರಗುವುದು ಇವೆಲ್ಲ ನಿಮ್ಮ ಕೈ ಬೇಡದ ಕೆಲಸಗಳು. ಇವನ್ನು ಮೊದಲು ಶುರುಮಾಡಿ, ಆಮೇಲೆ ಹೆಚ್ಚಲು ಕುಳಿತುಕೊಳ್ಳಿ. ಎಲ್ಲ ಹೆಚ್ಚಿಟ್ಟ ಮೇಲೆ ನೀರಿಟ್ಟು ಅದು ಕುದಿಯುವುದನ್ನೇ ನೋಡುತ್ತಾ ನಿಲ್ಲುವುದು ಸಾಮಾನ್ಯವಾಗಿ ಕಾಣುವ ತಪ್ಪು. ಪಾತ್ರೆಗೆ ಮುಚ್ಚಳ ಹಾಕಿದರೆ ನೀರು ಬೇಗ ಕುದಿಯುತ್ತದೆ, ಗ್ಯಾಸೂ ಉಳಿಯುತ್ತದೆ.

ಒಣ ಕಾಳುಗಳಿಗೆ 8ರಿಂದ 12 ಗಂಟೆ ನೆನೆಯುವ ಸಮಯ ಬೇಕು, ಅಂದರೆ ತೀರ್ಮಾನ ಹಿಂದಿನ ರಾತ್ರಿಯೇ ಆಗಬೇಕು. ಮರೆತಿದ್ದರೆ ಕಾಳನ್ನು ನೀರಿನಲ್ಲಿ ಎರಡು ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿಟ್ಟು ಒಂದು ಗಂಟೆ ಬಿಡಿ. ರಾತ್ರಿಯ ನೆನಕೆಯ ಬಹುಪಾಲು ಕೆಲಸ ಇದರಿಂದಲೇ ಆಗುತ್ತದೆ.

ಕೆಂಪು ರಾಜ್ಮಾ ಕಾಳಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕೇ ಬೇಕು. ಹಸಿ ರಾಜ್ಮಾದಲ್ಲಿ ಫೈಟೊಹೀಮ್ಯಾಗ್ಲುಟಿನಿನ್ ಎಂಬ ವಿಷಾಂಶವಿದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು, 30 ನಿಮಿಷವಾದರೆ ಇನ್ನೂ ನಿಶ್ಚಿಂತೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್‌ಗೆ ನೇರವಾಗಿ ಹಾಕಿದರೆ ಆ ಬಿಸಿ ಸಾಲದು. ಅರೆಬೆಂದ ಕಾಳು ತಿಂದು ಕೆಲವೇ ಗಂಟೆಗಳಲ್ಲಿ ಜೋರಾಗಿ ವಾಂತಿಯಾಗಬಹುದು.

ಫ್ರೀಜರ್‌ನ ಮಾಂಸ, ಮೀನನ್ನು ಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಹೊರಭಾಗ ಬೆಚ್ಚಗಾಗಿ ಬ್ಯಾಕ್ಟೀರಿಯಾ ಬೆಳೆಯುವ ಹೊತ್ತಿಗೂ ಒಳಭಾಗ ಕಲ್ಲಿನಂತೆಯೇ ಇರುತ್ತದೆ. ಹಿಂದಿನ ದಿನವೇ ಫ್ರಿಜ್‌ನ ಕೆಳ ಅಂಕಣಕ್ಕೆ ಇಳಿಸಿ. ಅವಸರವಿದ್ದರೆ ನೀರು ಹೋಗದ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಕರಗಿದ ಕೂಡಲೇ ಬೇಯಿಸಿ.

## ಹಂತ 3: ಚಾಕು ಮತ್ತು ಹಲಗೆ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಹೆಚ್ಚುವುದಕ್ಕೆ ಹೊತ್ತು ಹಿಡಿಯುತ್ತದೆ ಎನ್ನುವವರ ಚಾಕು ನೋಡಿದರೆ ಹತ್ತರಲ್ಲಿ ಒಂಬತ್ತು ಬಾರಿ ಅದು ಮೊಂಡಾಗಿರುತ್ತದೆ. ಮೊಂಡು ಚಾಕುವಿಗೆ ಒತ್ತಡ ಹಾಕಬೇಕು, ಒತ್ತಡ ಹಾಕಿದಾಗ ಅದು ಜಾರುತ್ತದೆ, ಜಾರಿದಾಗ ಬೆರಳಿಗೆ ಬರುತ್ತದೆ. ಹರಿತವಾದ ಚಾಕುವೇ ಸುರಕ್ಷಿತ.

ಮೊದಲು ಹಲಗೆ ಅಲುಗದಂತೆ ಮಾಡಿ. ಒಂದು ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಕಟ್ಟೆಯ ಮೇಲೆ ಹರಡಿ, ಅದರ ಮೇಲೆ ಹಲಗೆ ಇಡಿ. ಕೈಯಿಂದ ತಳ್ಳಿ ನೋಡಿ. ಜರುಗಿದರೆ ಬಟ್ಟೆ ಒಣಗಿದೆ ಅಥವಾ ಮಡಿಕೆ ಬಿದ್ದಿದೆ ಎಂದರ್ಥ. ಗಾಜು ಅಥವಾ ಕಲ್ಲಿನ ಹಲಗೆ ಬೇಡ, ಅವು ನಾಲ್ಕು ದಿನದಲ್ಲಿ ಅಲಗನ್ನು ಹಾಳುಮಾಡುತ್ತವೆ.

ಹಿಡಿತ. ಚಾಕುವಿನ ಹಿಡಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿಯುವುದಕ್ಕಿಂತ, ಹಿಡಿ ಮತ್ತು ಅಲಗು ಸೇರುವ ಕಡೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಲಗನ್ನೇ ಒತ್ತಿ ಹಿಡಿದರೆ ಚಾಕು ಹೇಳಿದ ಕಡೆ ಹೋಗುತ್ತದೆ. ಇನ್ನೊಂದು ಕೈಯ ಬೆರಳ ತುದಿಗಳು ಒಳಕ್ಕೆ ಮಡಚಿರಬೇಕು, ಹೆಬ್ಬೆರಳು ಅವುಗಳ ಹಿಂದಿರಬೇಕು. ಅಲಗಿನ ಪಕ್ಕ ಬೆರಳಿನ ಗೆಣ್ಣಿಗೆ ತಾಗುತ್ತಾ ಸಾಗಲಿ. ಮೊದಲ ವಾರ ಇದು ನಿಧಾನ ಅನ್ನಿಸುತ್ತದೆ. ವೇಗದ ಯೋಚನೆ ಬಿಟ್ಟು ಒಂದೇ ಅಳತೆಯ ತುಂಡು ಬರುವುದರ ಕಡೆ ಗಮನ ಕೊಡಿ, ಏಕೆಂದರೆ ಒಂದೇ ಅಳತೆಯಿದ್ದರೆ ಮಾತ್ರ ಎಲ್ಲ ಒಟ್ಟಿಗೆ ಬೇಯುತ್ತವೆ.

ಸಾಣೆ ಹಿಡಿಯುವುದು. ಮನೆ ಚಾಕುವಿಗೆ 1000 ಗ್ರಿಟ್‌ನ ಸಾಣೆಕಲ್ಲು ಸಾಕು (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು). ಅಲಗು ಅಲ್ಲಲ್ಲಿ ಮುಕ್ಕಾಗಿದ್ದರೆ ಮೊದಲು 400ರ ಒರಟು ಕಲ್ಲು ಬೇಕಾಗುತ್ತದೆ. ನೀರಿನಲ್ಲಿ ನೆನೆಸುವ ಬಗೆಯ ಕಲ್ಲಾದರೆ ಗುಳ್ಳೆ ಬರುವುದು ನಿಲ್ಲುವವರೆಗೆ ನೆನೆಸಿ, ಒದ್ದೆ ಬಟ್ಟೆಯ ಮೇಲೆ ಭದ್ರವಾಗಿ ಇಡಿ. ಅಲಗನ್ನು ಕಲ್ಲಿಗೆ 15ರಿಂದ 20 ಡಿಗ್ರಿ ಕೋನದಲ್ಲಿ ಹಿಡಿಯಬೇಕು. ಕೋನ ಅಳೆಯುವುದು ಹೇಗೆ ಎಂದು ಎಲ್ಲರೂ ಇಲ್ಲೇ ಸಿಕ್ಕಿಬೀಳುತ್ತಾರೆ. ನಾಲ್ಕೂವರೆ ಸೆಂಟಿಮೀಟರ್ ಅಗಲದ ಅಲಗಾದರೆ ಅದರ ಬೆನ್ನು ಕಲ್ಲಿನಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಮೇಲಿದ್ದರೆ 20 ಡಿಗ್ರಿ ಆಯಿತು, ಹೆಚ್ಚುಕಡಿಮೆ ಕಿರುಬೆರಳಿನ ದಪ್ಪ.

ಆ ಕೋನ ಕೆಡದಂತೆ ಅಲಗಿನ ಹಿಡಿಯ ಕಡೆಯಿಂದ ತುದಿಯವರೆಗೆ ಕಲ್ಲಿನ ಮೇಲೆ ಎಳೆಯಿರಿ. ಸ್ವಲ್ಪ ಹೊತ್ತಿನ ಮೇಲೆ ಎದುರು ಮಗ್ಗುಲಿಗೆ ಬೆರಳನ್ನು ಅಂಚಿನಿಂದ ಹೊರಕ್ಕೆ ಮೆತ್ತಗೆ ಸವರಿದರೆ ಸಣ್ಣ ಗೊರಕು, ಅಂದರೆ ಅಂಚಿನಾಚೆ ಮಡಚಿಕೊಂಡ ಒರಟು ಲೋಹ, ಕೈಗೆ ಸಿಗುತ್ತದೆ. ಅದು ಅಂಚಿನ ಉದ್ದಕ್ಕೂ ಬಂದಿದ್ದರೆ ಈ ಮಗ್ಗುಲು ಮುಗಿಯಿತು, ಇನ್ನೊಂದಕ್ಕೆ ತಿರುಗಿಸಿ. ಗೊರಕು ಬರುವ ಮೊದಲೇ ತಿರುಗಿಸಿಬಿಡುವುದರಿಂದಲೇ ಎಷ್ಟು ಉಜ್ಜಿದರೂ ಚಾಕು ಹರಿತವಾಗುವುದಿಲ್ಲ. ಕೊನೆಗೆ ಎರಡೂ ಮಗ್ಗುಲು ಹಗುರವಾಗಿ ಕೆಲವು ಸಲ ಎಳೆದರೆ ಗೊರಕು ಉದುರುತ್ತದೆ. ಮಾಗಿದ ಟೊಮೆಟೊ ಸಿಪ್ಪೆಯ ಮೇಲೆ ಅಲಗನ್ನು ಒತ್ತದೆ ಎಳೆಯಿರಿ. ತಾನಾಗಿ ಒಳಗಿಳಿದರೆ ಸರಿಯಾಗಿದೆ.

ಹೊಳೆಯುವ ಉದ್ದನೆಯ ಸ್ಟೀಲ್ ಸರಳಿನ ಮೇಲೆ ಉಜ್ಜುವುದು ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತದೆ ಅಷ್ಟೆ. ಪೂರ್ತಿ ಮೊಂಡಾದ ಚಾಕುವಿಗೆ ಅದರಿಂದ ಪ್ರಯೋಜನವಿಲ್ಲ.

ಬಳಸಿದ ಚಾಕುವನ್ನು ಸಿಂಕ್‌ನೊಳಗೆ ಬಿಡಲೇಬೇಡಿ. ಸೋಪಿನ ನೀರಿನ ಕೆಳಗೆ ಕಾಣದ ಚಾಕುವಿಗೆ ಕೈ ಹಾಕುವವರು ನೀವೇ ಆಗಿರಬೇಕೆಂದಿಲ್ಲ, ಮನೆಯ ಮಕ್ಕಳೂ ಆಗಿರಬಹುದು. ತೊಳೆದು, ಒರೆಸಿ, ಆಗಿಂದಾಗಲೇ ಜಾಗಕ್ಕೆ ಸೇರಿಸಿ.

## ಹಂತ 4: ಹೆಚ್ಚುವ ಸರದಿ

ಒಣಗಿದ್ದು ಮೊದಲು, ರಸ ಬಿಡುವುದು ಆಮೇಲೆ, ಹಸಿ ಮಾಂಸ-ಮೀನು ಎಲ್ಲಕ್ಕಿಂತ ಕೊನೆಗೆ. ಹೀಗೆ ಮಾಡಿದರೆ ನಡುನಡುವೆ ಹಲಗೆ ತೊಳೆಯುವ ಕೆಲಸವೇ ಬರುವುದಿಲ್ಲ. ಗಟ್ಟಿ ಬೇರು-ಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಸೊಪ್ಪು, ಟೊಮೆಟೊ ಎಂಬ ಕ್ರಮ ಹೆಚ್ಚಿನ ಅಡುಗೆಗೆ ಒಗ್ಗುತ್ತದೆ. ಟೊಮೆಟೊ ಮೊದಲು ಹೆಚ್ಚಿದರೆ ಅದರ ರಸ ಮುಂದಿನ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ, ಹಲಗೆಯೂ ಜಾರತೊಡಗುತ್ತದೆ.

ಈರುಳ್ಳಿ: ಅದರ ಜೀವಕೋಶ ಒಡೆದಾಗ ಕಿಣ್ವಗಳು ಸೇರಿ ಕಣ್ಣುರಿಸುವ ಅನಿಲ ಹುಟ್ಟುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ತಂಪಿಗೆ ಆ ಕ್ರಿಯೆ ನಿಧಾನವಾಗುತ್ತದೆ. ಹರಿತ ಚಾಕು ಕಡಿಮೆ ಕೋಶಗಳನ್ನು ಜಜ್ಜುತ್ತದೆ. ಬೇರಿನ ಬುಡ ಕತ್ತರಿಸದೆ ಉದ್ದಕ್ಕೆ ಎರಡು ಹೋಳು ಮಾಡಿ, ಸಿಪ್ಪೆ ಸುಲಿದು, ಬುಡದ ಕಡೆಗೆ ಗೀರು ಹಾಕುತ್ತಾ ಹೋಗಿ ಆಮೇಲೆ ಅಡ್ಡಕ್ಕೆ ಹೆಚ್ಚಿ. ಬುಡ ಪದರಗಳನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳುತ್ತದೆ.

ಬೆಳ್ಳುಳ್ಳಿ: ಎಸಳಿನ ಬುಡ ತೆಗೆದು ಚಾಕುವಿನ ಅಗಲ ಭಾಗದಿಂದ ಒಮ್ಮೆ ಅದುಮಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಬಹಳ ಬೇಕಿದ್ದರೆ ಎಸಳುಗಳನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ಹಾಕಿಡಿ. ಬಿಡಿಸಿದ ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ. ಗಾಳಿಯಿಲ್ಲದ ಎಣ್ಣೆಯಲ್ಲಿ ಬಾಟ್ಯುಲಿಸಂ ಎಂಬ ಪ್ರಾಣಾಪಾಯದ ಆಹಾರವಿಷ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದರ ವಿಷಕ್ಕೆ ರುಚಿಯಾಗಲಿ ವಾಸನೆಯಾಗಲಿ ಇರುವುದಿಲ್ಲ. ಅರೆದು, ಐಸ್ ಟ್ರೇಯಲ್ಲಿ ತುಂಬಿ ಫ್ರೀಜರ್‌ಗೆ ಹಾಕುವುದು ಒಳ್ಳೆಯ ದಾರಿ. ಶುಂಠಿಗೂ ಹೀಗೇ ಮಾಡಬಹುದು. ಶುಂಠಿ ಸಿಪ್ಪೆಯನ್ನು ಚಮಚದ ಅಂಚಿನಿಂದ ಕೆರೆದರೆ ತಿರುಳು ನಷ್ಟವಾಗುವುದಿಲ್ಲ.

ಟೊಮೆಟೊ ಸಿಪ್ಪೆ ತೆಗೆಯಬೇಕೆ? ಬುಡದಲ್ಲಿ ಕೂಡಿಸುವ ಚಿಹ್ನೆಯಂತೆ ಗೀರು ಹಾಕಿ, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ. ಸಿಪ್ಪೆ ಮೂಲೆಯಿಂದ ಎಳೆದರೆ ಬರುತ್ತದೆ.

ಮೊಟ್ಟೆ: ತಣ್ಣೀರಿನಿಂದ ಶುರುಮಾಡುವ ಬದಲು ಕುದಿಯುವ ನೀರಿಗೆ ಮೆತ್ತಗೆ ಇಳಿಸಿ ಬೇಯಿಸಿದರೆ, ಬೆಂದ ಕೂಡಲೇ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ತೀರಾ ತಾಜಾ ಮೊಟ್ಟೆಯ ಸಿಪ್ಪೆ ಹಟ ಮಾಡುವುದು ಸಹಜ.

ಮೆಣಸಿನಕಾಯಿ ಹೆಚ್ಚಿದ ಕೈ ಉರಿ: ಖಾರದ ಅಂಶವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಕೈಗೆ ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ.

ಹಸಿ ಕೋಳಿಮಾಂಸವನ್ನು ನಲ್ಲಿಯ ಕೆಳಗೆ ತೊಳೆಯುವುದರಿಂದ ಸಿಡಿಯುವ ಹನಿಗಳ ಜೊತೆ ಬ್ಯಾಕ್ಟೀರಿಯಾ ಸಿಂಕ್, ಕಟ್ಟೆ, ಪಕ್ಕದ ತಟ್ಟೆಗಳಿಗೆಲ್ಲ ಹರಡುತ್ತದೆ. ಅವನ್ನು ಕೊಲ್ಲುವುದು ಬೇಯಿಸುವ ಬಿಸಿಯೇ, ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಮಾಂಸ ಹೆಚ್ಚಿದ ಮೇಲೆ ಚಾಕು, ಹಲಗೆ, ಕೈ ಮೂರನ್ನೂ ಸೋಪಿನಿಂದ ತೊಳೆದೇ ಮುಂದಿನದನ್ನು ಮುಟ್ಟಿ. ನಲ್ಲಿಯ ಹಿಡಿಯನ್ನೂ ಮರೆಯಬೇಡಿ, ಆ ಕೈಯಲ್ಲೇ ತಿರುಗಿಸಿರುತ್ತೀರಿ.

## ಹಂತ 5: ಒಲೆಯ ಮುಂದೆ

ತಳಕ್ಕೆ ಅಂಟುತ್ತಿದೆಯೆ? ಸ್ಟೀಲ್ ಬಾಣಲೆ ಸಾಕಷ್ಟು ಕಾಯುವ ಮೊದಲೇ ಹಾಕಿಬಿಡುವುದು ಇದಕ್ಕೆ ಕಾರಣ. ಖಾಲಿ ಬಾಣಲೆಗೆ ಒಂದು ಹನಿ ನೀರು ಹಾಕಿ. ಚುರ್ ಎಂದು ಆರಿಹೋದರೆ ಇನ್ನೂ ಕಾಯಬೇಕು. ಮಣಿಯಂತೆ ಉರುಳಾಡಿದರೆ ಕಾದಿದೆ. ಆಗ ಎಣ್ಣೆ ಹಾಕಿ, ಅದು ತೆಳ್ಳಗೆ ಹರಿದಾಡಿದ ಮೇಲೆ ಪದಾರ್ಥ ಹಾಕಿ. ಹಾಕಿದ ಕೂಡಲೇ ಕೆದಕಬೇಡಿ, ಕೆಂಪಗಾದ ಮೇಲೆ ತಾನೇ ಬಿಡುತ್ತದೆ. ನಾನ್‌ಸ್ಟಿಕ್ ಬಾಣಲೆಗೆ ಈ ಪರೀಕ್ಷೆ ಬೇಡ. ಖಾಲಿಯಾಗಿ ಜೋರು ಉರಿಯಲ್ಲಿಟ್ಟರೆ ಅದರ ಲೇಪನ 260 ಡಿಗ್ರಿ ದಾಟಿ ಹಾಳಾಗತೊಡಗುತ್ತದೆ.

ಹುರಿಯಲು ಹೋದರೆ ನೀರು ಬಿಟ್ಟು ಬೇಯುತ್ತಿದೆಯೆ? ಬಾಣಲೆಯಲ್ಲಿ ಹೆಚ್ಚು ತುಂಬಿದ್ದೀರಿ. ತುಂಡುಗಳ ನಡುವೆ ಜಾಗವಿಲ್ಲದಿದ್ದರೆ ಹಬೆ ಹೊರಗೆ ಹೋಗುವುದಿಲ್ಲ. ಎರಡು ಸರದಿಯಲ್ಲಿ ಹುರಿದರೆ ಒಟ್ಟು ಸಮಯ ಕಡಿಮೆಯೇ ಆಗುತ್ತದೆ.

ಉಪ್ಪು ಹೆಚ್ಚಾದರೆ: ಆಲೂಗಡ್ಡೆ ಹಾಕಿದರೆ ಉಪ್ಪನ್ನು ಹೀರಿಕೊಳ್ಳುತ್ತದೆ ಎಂಬ ನಂಬಿಕೆ ಬಲವಾಗಿದೆ. ಆಲೂಗಡ್ಡೆ ಉಪ್ಪುನೀರನ್ನು ಹೀರುತ್ತದೆ ನಿಜ, ಆದರೆ ಉಪ್ಪನ್ನು ಮಾತ್ರ ಆರಿಸಿ ತೆಗೆಯುವುದಿಲ್ಲ, ಉಳಿದ ರಸ ಅಷ್ಟೇ ಉಪ್ಪಾಗಿರುತ್ತದೆ. ಇರುವ ದಾರಿ ಪ್ರಮಾಣ ಹೆಚ್ಚಿಸುವುದು: ಉಪ್ಪಿಲ್ಲದ ನೀರು, ಬೇಯಿಸಿದ ತರಕಾರಿ ಅಥವಾ ಕಾಳು ಸೇರಿಸಿ. ಸ್ವಲ್ಪವೇ ಹೆಚ್ಚಾಗಿದ್ದರೆ ನಿಂಬೆರಸ ನಾಲಿಗೆಗೆ ಅದನ್ನು ಮರೆಮಾಚುತ್ತದೆ.

ತಳ ಹಿಡಿದು ಸೀದ ವಾಸನೆ ಬಂದರೆ ಒಲೆ ಆರಿಸಿ, ಕೆದಕದೆ, ಮೇಲಿನ ಭಾಗವನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ. ಸೌಟು ತಳಕ್ಕೆ ತಾಗಿದರೆ ಸೀದ ರುಚಿ ಎಲ್ಲಕ್ಕೂ ಹರಡುತ್ತದೆ, ಆಮೇಲೆ ಏನು ಹಾಕಿದರೂ ಹೋಗುವುದಿಲ್ಲ.

ಪ್ರೆಶರ್ ಕುಕ್ಕರ್: ಮುಚ್ಚುವ ಮೊದಲು ಹಬೆಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, ರಂಧ್ರದಲ್ಲಿ ಬೆಳಕು ಕಾಣಬೇಕು. ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ನೊರೆ ಬರುವ, ಉಬ್ಬುವ ಅಕ್ಕಿ, ಕಾಳುಗಳಾದರೆ ಅರ್ಧಕ್ಕೆ ನಿಲ್ಲಿಸಿ. ಅಂಚಿನಿಂದ ಹಬೆ ಸೋರಿದರೆ ಗ್ಯಾಸ್ಕೆಟ್ ಸಡಿಲವಾಗಿದೆ ಅಥವಾ ಬಿರುಕು ಬಿಟ್ಟಿದೆ. ಹೊತ್ತಾದರೂ ವಿಸಿಲ್ ಬರಲಿಲ್ಲ, ಹಬೆಯೂ ಕಾಣುತ್ತಿಲ್ಲ ಎಂದರೆ ಮೊದಲು ಒಲೆ ಆರಿಸಿ, ವೆಯ್ಟ್ ಮುಟ್ಟಬೇಡಿ, ತಾನಾಗಿ ತಣಿಯುವವರೆಗೆ ಕಾಯಿರಿ. ಮುಚ್ಚಳ ಬಲವಂತ ಕೇಳುತ್ತಿದೆ ಎಂದರೆ ಒಳಗೆ ಒತ್ತಡವಿದೆ ಎಂದೇ ತಿಳಿಯಿರಿ.

ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ತಳಕ್ಕಿಳಿದು ಕ್ಷಣದಲ್ಲಿ ಹಬೆಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆ ಆರಿಸಿ, ಬಾಣಲೆ ಎತ್ತದೆ, ಪಕ್ಕದಿಂದ ಲೋಹದ ಮುಚ್ಚಳ ಜಾರಿಸಿ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆಗೆಯಬೇಡಿ. ಕರಿಯುವಾಗ ಅಳತೆಯ ಮುಚ್ಚಳವೊಂದು ಕೈಗೆಟುಕುವಂತಿರಲಿ. ಎಣ್ಣೆಯಿಂದ ಹೊಗೆ ಏಳುವುದೇ ಎಚ್ಚರಿಕೆಯ ಲಕ್ಷಣ, ಉರಿ ತಗ್ಗಿಸಿ. ಬೆಂಕಿ ಮುಚ್ಚಳಕ್ಕೆ ಬಗ್ಗದಿದ್ದರೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

## ಹಂತ 6: ಬೇಯುವಷ್ಟರಲ್ಲಿ ತೊಳೆಯುವುದು

ಮುಚ್ಚಳ ಹಾಕಿ ಉರಿ ತಗ್ಗಿಸಿದ ಕ್ಷಣವೇ ಪಾತ್ರೆ ತೊಳೆಯುವ ಸಮಯ. ಹಲಗೆ, ಚಾಕು, ಬಟ್ಟಲುಗಳು ಈಗಲೇ ಮುಗಿಯಬೇಕು.

ನೆನೆಹಾಕುವಾಗ ನೀರಿನ ಆಯ್ಕೆ ತಪ್ಪುತ್ತದೆ. ಹಿಟ್ಟು, ಹಾಲು, ಮೊಟ್ಟೆ ಮೆತ್ತಿದ ಪಾತ್ರೆಗೆ ಮೊದಲು ತಣ್ಣೀರು. ಬಿಸಿನೀರು ಬಿದ್ದರೆ ಗಂಜಿ, ಪ್ರೋಟೀನು ಇನ್ನಷ್ಟು ಬೆಂದು ಅಂಟಿಕೊಳ್ಳುತ್ತವೆ. ಜಿಡ್ಡಿನ ಪಾತ್ರೆಗೆ ಬಿಸಿನೀರು ಮತ್ತು ಸೋಪು. ಜಿಡ್ಡಿಲ್ಲದ ಲೋಟ, ಬಟ್ಟಲು ಮೊದಲು ತೊಳೆಯಿರಿ, ಎಣ್ಣೆ ಬಾಣಲೆ ಕೊನೆಗೆ. ಬಾಣಲೆಯ ಎಣ್ಣೆಯನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿ. ಸಿಂಕ್‌ಗೆ ಸುರಿದರೆ ಅದು ಪೈಪಿನೊಳಗೆ ತಣಿದು ಗಟ್ಟಿಯಾಗುತ್ತದೆ, ಮೇಲೆ ಬಂದ ಚೂರುಪಾರು ಅಲ್ಲೇ ಅಂಟುತ್ತವೆ.

ಮಿಕ್ಸಿ ಜಾರಿಗೆ ಅರ್ಧ ಬೆಚ್ಚನೆ ನೀರು, ಒಂದು ಹನಿ ಸೋಪು ಹಾಕಿ ಹತ್ತು ಸೆಕೆಂಡು ತಿರುಗಿಸಿ. ಬ್ಲೇಡಿನ ಕೆಳಗಿನದೂ ಹೊರಬರುತ್ತದೆ. ತೊಳೆದ ಮೇಲೆ ಜಾರಿನ ತಳದ ಹೊರಭಾಗ ಒರೆಸಿಯೇ ಯಂತ್ರದ ಮೇಲೆ ಕೂರಿಸಿ. ಬಿಸಿ ಪದಾರ್ಥ ರುಬ್ಬುವಾಗ ಜಾರನ್ನು ಮೂರನೇ ಒಂದು ಭಾಗಕ್ಕಿಂತ ತುಂಬಬೇಡಿ, ಒಳಗಿನ ಹಬೆ ಮುಚ್ಚಳ ಹಾರಿಸಬಹುದು.

ಕಬ್ಬಿಣದ ಬಾಣಲೆ, ತವಾ ನೆನೆಹಾಕಬಾರದು. ತೊಳೆದು, ಒಲೆಯ ಮೇಲಿಟ್ಟು ಒಣಗಿಸಿ, ಎಣ್ಣೆ ಸವರಿ, ಎಣ್ಣೆಯೇ ಇಲ್ಲವೇನೋ ಎನ್ನುವಷ್ಟು ಒರೆಸಿ ಇಡಿ. ಮುಟ್ಟಿದರೆ ಅಂಟಂಟಾಗಿದ್ದರೆ ಎಣ್ಣೆ ಹೆಚ್ಚಾಗಿದೆ ಎಂದರ್ಥ.

## ಹಂತ 7: ಉಳಿದದ್ದನ್ನು ಎತ್ತಿಡುವುದು

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಬೇಯಿಸಿದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು, ಸೆಕೆಯ ದಿನಗಳಲ್ಲಿ ಒಂದೇ ಗಂಟೆ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್‌ಗೆ ತಳ್ಳಿದರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲವಾದ, ಆಳವಿಲ್ಲದ ಡಬ್ಬಿಗಳಿಗೆ ಹಂಚಿ.

ಅನ್ನಕ್ಕೆ ವಿಶೇಷ ಕಾಳಜಿ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗೆ ಉಳಿದಷ್ಟೂ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. "ಚೆನ್ನಾಗಿ ಬಿಸಿ ಮಾಡಿದ್ದೀನಲ್ಲ" ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಬೇಗ ತಣಿಸಿ ಫ್ರಿಜ್‌ಗೆ ಸೇರಿಸಿ, ಮರುದಿನವೇ ಮುಗಿಸಿ.

ಉಳಿದ ಅಡುಗೆ ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಇಡಬೇಡಿ. ಡಬ್ಬಿಯ ಮೇಲೆ ದಿನಾಂಕ ಬರೆಯಿರಿ. ಇದನ್ನು ಮಾಡುವವರು ಕಡಿಮೆ, ಮಾಡಿದವರು ಬಿಡುವುದಿಲ್ಲ. ಲೋಳೆ, ಹುಳಿ ವಾಸನೆ, ಮುಚ್ಚಳ ಉಬ್ಬಿರುವುದು ಕಂಡರೆ ರುಚಿ ನೋಡಲು ಹೋಗದೆ ಎಸೆಯಿರಿ.

ಸೊಪ್ಪು ಕೊಳೆಯುವುದು ನೀರಿನಿಂದ. ಪೂರ್ತಿ ನೀರಾರಿಸಿ, ಒಣ ಬಟ್ಟೆ ಅಥವಾ ಕಾಗದ ಹಾಸಿದ ಡಬ್ಬಿಯಲ್ಲಿಡಿ, ಕಾಗದ ಒದ್ದೆಯಾದರೆ ಬದಲಿಸಿ. ಈರುಳ್ಳಿ ಮತ್ತು ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿದ್ದರೆ ಎರಡೂ ಬೇಗ ಕೆಡುತ್ತವೆ. ಆಲೂಗಡ್ಡೆ ಕತ್ತಲಲ್ಲಿರಲಿ. ಹಸಿರಾಗಿ ಕಹಿಯಾದದ್ದರಲ್ಲಿ ಸೊಲನೈನ್ ಎಂಬ ವಿಷಾಂಶ ಹೆಚ್ಚಿರುತ್ತದೆ, ತಿನ್ನಬೇಡಿ. ಮಾಗಿದ ಬಾಳೆಹಣ್ಣು, ಸೇಬು ಎಥಿಲೀನ್ ಅನಿಲ ಬಿಡುವುದರಿಂದ ಪಕ್ಕದ ಸೊಪ್ಪು ಹಳದಿಯಾಗುತ್ತದೆ, ದೂರ ಇಡಿ.

ಫ್ರಿಜ್ 4 ಡಿಗ್ರಿ, ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿರಬೇಕು. ಹಸಿ ಮಾಂಸ ಕೆಳ ಅಂಕಣದಲ್ಲಿ, ಮುಚ್ಚಿದ ಡಬ್ಬಿಯಲ್ಲಿ. ಬಾಗಿಲಿನ ಅಂಕಣ ಎಲ್ಲಕ್ಕಿಂತ ಬೆಚ್ಚಗಿರುವ ಜಾಗ, ಹಾಲು ಅಲ್ಲಿ ಬೇಡ.

## ಹಂತ 8: ಹಟ ಹಿಡಿದ ಕಲೆಗಳು

ಸೋಡಾ ಮತ್ತು ವಿನೆಗರ್ ಬೆರೆಸಿ ಸುರಿಯುವುದು ಎಲ್ಲೆಡೆ ಕಾಣುವ ಸಲಹೆ. ನೊರೆ ನೋಡಿ ಕೆಲಸವಾಗುತ್ತಿದೆ ಎನ್ನಿಸುತ್ತದೆ. ಒಂದು ಕ್ಷಾರ, ಒಂದು ಆಮ್ಲ. ಬೆರೆತ ಕೂಡಲೇ ಪರಸ್ಪರ ಶಕ್ತಿ ಕಳೆದುಕೊಂಡು ಹೆಚ್ಚುಕಡಿಮೆ ಉಪ್ಪುನೀರು ಉಳಿಯುತ್ತದೆ. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಒಳ್ಳೆಯವೇ.

ಸೀದ ಸ್ಟೀಲ್ ಪಾತ್ರೆಗೆ ಸೋಡಾ: ಕಲೆ ಮುಳುಗುವಷ್ಟು ನೀರು, ಎರಡು ಚಮಚ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ, ತಣಿಯಲು ಬಿಟ್ಟು, ಮರದ ಸೌಟಿನಿಂದ ಕೆರೆಯಿರಿ. ಅಲ್ಯೂಮಿನಿಯಂಗೆ ಇದು ಬೇಡ, ಕ್ಷಾರಕ್ಕೆ ಕಪ್ಪಾಗುತ್ತದೆ. ಗಡಸು ನೀರಿನ ಬಿಳಿ ಕಲೆ, ಸ್ಟೀಲ್ ಮೇಲೆ ಮೂಡುವ ಕಾಮನಬಿಲ್ಲಿನ ಬಣ್ಣಕ್ಕೆ ವಿನೆಗರ್. ಕಟ್ಟೆ ಅಮೃತಶಿಲೆಯದಾಗಿದ್ದರೆ ವಿನೆಗರ್, ನಿಂಬೆ ತಾಗಿಸಬೇಡಿ, ಹೊಳಪು ತಿಂದುಹಾಕುತ್ತದೆ.

ಮೈಕ್ರೋವೇವ್ ಒಳಗಿನ ಕಲೆಗೆ ನಿಂಬೆ ಹೋಳು ಹಾಕಿದ ನೀರಿನ ಬಟ್ಟಲಲ್ಲಿ ಒಂದು ಮರದ ಚಮಚ ಇಟ್ಟು ಮೂರು ನಿಮಿಷ ಬಿಸಿ ಮಾಡಿ, ಐದು ನಿಮಿಷ ಬಾಗಿಲು ತೆಗೆಯದೆ ಬಿಡಿ. ಹಬೆಗೆ ಎಲ್ಲ ಮೆತ್ತಗಾಗಿರುತ್ತದೆ. ಮರದ ಚಮಚ ಇಲ್ಲದಿದ್ದರೆ ನೀರು ಕುದಿಬಿಂದು ದಾಟಿಯೂ ಶಾಂತವಾಗಿದ್ದು, ಮುಟ್ಟಿದಾಗ ಉಕ್ಕಿ ಸಿಡಿಯುವ ಅಪಾಯವಿದೆ.

ಬ್ಲೀಚ್ ಬಳಸುವ ದಿನ ಬೇರೇನನ್ನೂ ಬಳಸಬೇಡಿ. ವಿನೆಗರ್ ಅಥವಾ ಬೇರೆ ಆಮ್ಲ ಬೆರೆತರೆ ಕ್ಲೋರಿನ್ ಅನಿಲ, ಅಮೋನಿಯಾ ಬೆರೆತರೆ ಕ್ಲೋರಮೈನ್ ಹೊರಬರುತ್ತದೆ, ಎರಡೂ ಶ್ವಾಸಕೋಶಕ್ಕೆ ಅಪಾಯ. ಕಣ್ಣು, ಗಂಟಲು ಉರಿದರೆ ಸ್ವಚ್ಛಗೊಳಿಸುವುದನ್ನು ಅಲ್ಲೇ ಬಿಟ್ಟು ಹೊರಗೆ ಬನ್ನಿ.

## ಹಂತ 9: ವಾರಕ್ಕೊಮ್ಮೆ ನೋಡಬೇಕಾದ್ದು

ಸ್ಕ್ರಬ್ಬರ್ ಪ್ರತಿ ಬಾರಿ ಹಿಂಡಿ, ಗಾಳಿಯಾಡುವ ಕಡೆ ಇಡಿ. ತೊಳೆದರೂ ವಾಸನೆ ಹೋಗದಿದ್ದರೆ ಎಸೆಯಿರಿ. ಒರೆಸುವ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮರದ ಹಲಗೆಯನ್ನು ಮಲಗಿಸದೆ ನಿಲ್ಲಿಸಿ ಒಣಗಿಸಿದರೆ ಸೊಟ್ಟಗಾಗುವುದಿಲ್ಲ.

ಗ್ಯಾಸ್ ಒಲೆಯ ಜ್ವಾಲೆ ನೀಲಿಯಾಗಿರಬೇಕು. ಹಳದಿಯಾಗಿ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ರಂಧ್ರ ಮುಚ್ಚಿರಬಹುದು. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ, ಹಾಗಾಗಿ ತಡಮಾಡಬೇಡಿ. ತಣಿದ ಬರ್ನರ್ ತೆಗೆದು, ಪಿನ್ನಿನಿಂದ ರಂಧ್ರ ಬಿಡಿಸಿ, ತೊಳೆದು, ಪೂರ್ತಿ ಒಣಗಿಸಿ ಕೂರಿಸಿ. ಆಮೇಲೂ ಹಳದಿಯೇ ಇದ್ದರೆ ಮೆಕ್ಯಾನಿಕ್ ಕರೆಯಿರಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ, ವಾಲ್ವ್ ಮುಚ್ಚಿ, ಕಿಟಕಿ ತೆರೆದು ಹೊರಗೆ ಹೋಗಿ.

ಫ್ರಿಜ್ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಸಡಿಲವಾಗಿದೆ. ಸೋಪುನೀರಿನಿಂದ ಮಡಿಕೆಗಳನ್ನು ಒರೆಸಿ ಮತ್ತೆ ನೋಡಿ, ಹೆಚ್ಚಿನ ಸಲ ಕೊಳೆಯೇ ಕಾರಣವಾಗಿರುತ್ತದೆ.

ಅಕ್ಕಿ, ಹಿಟ್ಟು, ಕಾಳಿಗೆ ಹುಳು ಬೀಳುತ್ತಿದ್ದರೆ ತಂದ ಕೂಡಲೇ ಗಾಳಿಯಾಡದ ಚೀಲದಲ್ಲಿ ಕಟ್ಟಿ ನಾಲ್ಕು ದಿನ ಫ್ರೀಜರ್‌ನಲ್ಲಿಡಿ. ಕಣ್ಣಿಗೆ ಕಾಣದ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಚೀಲವನ್ನು ತಕ್ಷಣ ಬಿಚ್ಚಬೇಡಿ, ಒಳಗೆ ತೇವ ಕಟ್ಟುತ್ತದೆ. ಮಾಮೂಲಿ ಬಿಸಿಗೆ ಬಂದ ನಂತರ ಬಿಚ್ಚಿ. ಹಳೆಯದು ಮುಗಿದು, ಡಬ್ಬಿ ತೊಳೆದು, ಮುಚ್ಚಳದ ಸಂದಿಯವರೆಗೂ ಒಣಗಿದ ಮೇಲೆಯೇ ಹೊಸದನ್ನು ತುಂಬಿಸಿ.